ವಾಷಿಂಗ್ಟನ್ ಕೇಕಿನ ಪುಸ್ತಕ ಯಾಕೆ ಮಾಯವಾಯಿತು: ಅಧ್ಯಯನ ಟಿಪ್ಪಣಿ

ಗುಲಾಮಗಿರಿಯನ್ನು ಮಕ್ಕಳಿಗೆ ಹೇಗೆ ಹೇಳಬೇಕು ಅನ್ನುವುದು ಅಮೆರಿಕದಲ್ಲಿ ಹಳೆಯ ಜಗಳ. ನಾನು ಒಂದೇ ಪ್ರಕರಣ ಹಿಡಿದುಕೊಂಡು ಬರೆಯುತ್ತೇನೆ. ಮುಖ್ಯವಾದ ಪ್ರಶ್ನೆಗಳೆಲ್ಲ ಅದರಲ್ಲೇ ಸಿಗುತ್ತವೆ.

2016ರ ಜನವರಿ 5ರಂದು ಸ್ಕೊಲಾಸ್ಟಿಕ್ ಪ್ರಕಾಶನದಿಂದ ‘ಎ ಬರ್ತ್‌ಡೇ ಕೇಕ್ ಫಾರ್ ಜಾರ್ಜ್ ವಾಷಿಂಗ್ಟನ್’ ಎಂಬ ಚಿತ್ರಪುಸ್ತಕ ಬಂತು. ಜನವರಿ 17ಕ್ಕೆ ಪ್ರಕಾಶಕರೇ ಅದನ್ನು ವಾಪಸ್ ಪಡೆದರು.

ಕಥೆ ಇಷ್ಟೇ. ಅಧ್ಯಕ್ಷರ ಹುಟ್ಟುಹಬ್ಬ, ಕೇಕ್ ಮಾಡಬೇಕು, ಸಕ್ಕರೆ ಇಲ್ಲ. ಅಡುಗೆಯವನಾದ ಹರ್ಕ್ಯುಲಿಸ್ ಜೇನುತುಪ್ಪ ಹಾಕಿ ಮಾಡಿಬಿಡುತ್ತಾನೆ. ಕಥೆ ಹೇಳುವವಳು ಅವನ ಮಗಳು ಡೀಲಿಯಾ. ಇಬ್ಬರೂ ವಾಷಿಂಗ್ಟನ್ ಮನೆಯ ಗುಲಾಮರು. ಆದರೆ ಚಿತ್ರಗಳ ತುಂಬ ನಗುಮುಖಗಳು. ಸಿಟ್ಟು ಬಂದದ್ದು ಅದಕ್ಕೇ.

ಈಗ ನಿಜವಾದ ಇತಿಹಾಸ ನೋಡೋಣ. ಆಗ ಫಿಲಡೆಲ್ಫಿಯಾ ರಾಜಧಾನಿ. ಅದು ಇರುವ ಪೆನ್ಸಿಲ್ವೇನಿಯಾ ರಾಜ್ಯದ 1780ರ ಕಾನೂನಿನ ಪ್ರಕಾರ, ಹೊರಗಿನಿಂದ ತಂದ ಗುಲಾಮರು ಅಲ್ಲಿ ಆರು ತಿಂಗಳು ಉಳಿದರೆ ಬಿಡುಗಡೆ ಕೇಳಬಹುದಿತ್ತು. ವಾಷಿಂಗ್ಟನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಆರು ತಿಂಗಳು ತುಂಬುವ ಮೊದಲೇ ತಮ್ಮ ಗುಲಾಮರನ್ನು ರಾಜ್ಯದಾಚೆ ಕಳಿಸಿ ಮತ್ತೆ ಕರೆಸುತ್ತಿದ್ದರು. ಕೊನೆಗೆ ಹರ್ಕ್ಯುಲಿಸ್‌ನನ್ನು ವರ್ಜೀನಿಯಾದಲ್ಲಿದ್ದ ತಮ್ಮ ಮೌಂಟ್ ವರ್ನನ್ ತೋಟದಲ್ಲೇ ಬಿಟ್ಟರು. ದೇಶದ ಅಧ್ಯಕ್ಷರಿಗೆ ಅಡುಗೆ ಮಾಡುತ್ತಿದ್ದವನು ಇಟ್ಟಿಗೆಗೆ ಮಣ್ಣು ಅಗೆಯುವ ಹಾಗಾಯಿತು.

1797ರ ಫೆಬ್ರುವರಿ 22ರಂದು ಅವನು ತಪ್ಪಿಸಿಕೊಂಡ. ಅವತ್ತು ವಾಷಿಂಗ್ಟನ್‌ರ 65ನೇ ಹುಟ್ಟುಹಬ್ಬ! ಕೆಲವು ವಾರಗಳ ನಂತರ, ಮುಂದೆ ಫ್ರಾನ್ಸಿನ ದೊರೆಯಾದ ಲೂಯಿ ಫಿಲಿಪ್ ಅಲ್ಲಿಗೆ ಬಂದಿದ್ದರು. ಹರ್ಕ್ಯುಲಿಸ್‌ನ ಪುಟ್ಟ ಮಗಳೊಬ್ಬಳನ್ನು ಅವರ ಕಡೆಯವರು ಮಾತಾಡಿಸಿದರು. ಅಪ್ಪ ಮತ್ತೆ ಕಾಣಲ್ಲ ಅಂತ ಬೇಜಾರಿಲ್ವಾ ಎಂದು ಕೇಳಿದರೆ, ಇಲ್ಲ, ತುಂಬ ಖುಷಿಯಾಗಿದೆ, ಅಪ್ಪ ಈಗ ಸ್ವತಂತ್ರ ಎಂದಳಂತೆ. ಲೂಯಿ ಫಿಲಿಪ್ ತಮ್ಮ ದಿನಚರಿಯಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಮಗುವಿನ ಬಾಯಿಂದಲೇ ಕಥೆ ಹೇಳಿಸಬೇಕೆಂದರೆ ಈ ಮಾತು ಇತ್ತಲ್ಲ! ವಾಷಿಂಗ್ಟನ್‌ರ ಉಯಿಲಿನಿಂದ 1801ರಲ್ಲಿ ಹರ್ಕ್ಯುಲಿಸ್‌ಗೆ ಕಾನೂನಿನ ಬಿಡುಗಡೆಯೂ ಸಿಕ್ಕಿತು. ಮಕ್ಕಳಿಗೆ ಸಿಗಲಿಲ್ಲ. ಅವರು ವಾಷಿಂಗ್ಟನ್‌ರ ಹೆಂಡತಿ ಮಾರ್ತಾ ಅವರ ಮೊದಲ ಗಂಡನ ಆಸ್ತಿಯ ಲೆಕ್ಕದಲ್ಲಿದ್ದರು, ಹಾಗಾಗಿ ಅವರನ್ನು ಬಿಡುಗಡೆ ಮಾಡುವ ಹಕ್ಕು ವಾಷಿಂಗ್ಟನ್‌ಗೆ ಇರಲಿಲ್ಲ.

ಪುಸ್ತಕ ಮಾಡಿದವರ ವಾದವನ್ನೂ ಸರಿಯಾಗಿ ಓದಬೇಕು. ಚಿತ್ರ ಬರೆದವರು, ಸಂಪಾದಕಿ ಇಬ್ಬರೂ ಆಫ್ರಿಕನ್ ಅಮೆರಿಕನ್ನರು. ಆ ನಗು ಗುಲಾಮಗಿರಿಗಲ್ಲ, ಕೈಕೆಲಸದ ಹೆಮ್ಮೆಗೆ ಎಂದು ಅವರು ಹೇಳಿದರು. ಹೆಮ್ಮೆ ಇದ್ದಿರಬಹುದು, ಒಪ್ಪುತ್ತೇನೆ. ತಪ್ಪಿಸಿಕೊಂಡ ವಿಷಯವೂ ಪುಸ್ತಕದ ಕೊನೆಯ ಲೇಖಕಿಯ ಮಾತಿನಲ್ಲಿದೆ. ಆದರೆ ಐದು ವರ್ಷದ ಮಗು ಅದನ್ನು ಓದುತ್ತದೆಯೇ? ಅದು ನೋಡುವುದು ಚಿತ್ರವನ್ನು. ಹಾಗಾಗಿ ಟೀಕೆ ನ್ಯಾಯವಾದದ್ದೇ ಎಂದು ನನಗನ್ನಿಸುತ್ತದೆ.

ಹಾಗಾದರೆ ವಾಪಸ್ ಪಡೆದದ್ದು ಸರಿಯೇ? ಇಲ್ಲಿ ಪದಗಳನ್ನು ಜೋಪಾನವಾಗಿ ಬಳಸಿ. ಸರ್ಕಾರ ನಿಷೇಧಿಸಲಿಲ್ಲ. ಟೀಕಿಸುವುದು ಸೆನ್ಸಾರ್ ಅಲ್ಲ. ಆದರೂ ಬರಹಗಾರರ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕಾಗಿ ಕೆಲಸ ಮಾಡುವ ಪೆನ್ ಅಮೆರಿಕ ಮುಂತಾದ ಸಂಘಟನೆಗಳು ಪ್ರಕಾಶಕರ ಕ್ರಮವನ್ನು ವಿರೋಧಿಸಿದವು. ಪುಸ್ತಕವೇ ಇಲ್ಲದಿದ್ದರೆ ಓದುಗರು ತಾವೇ ನೋಡಿ ತೀರ್ಮಾನಿಸುವುದು ಹೇಗೆ ಎಂಬುದು ಅವರ ಆಕ್ಷೇಪ.

ಇದನ್ನು ‘ಎ ಫೈನ್ ಡೆಸರ್ಟ್’ ಎಂಬ ಇನ್ನೊಂದು ಮಕ್ಕಳ ಚಿತ್ರಪುಸ್ತಕದ ಜೊತೆ ಇಟ್ಟು ನೋಡಿ. 2015ರದು. ಅದರಲ್ಲಿ 1810ರ ಕಾಲದ, ಅಮೆರಿಕದ ದಕ್ಷಿಣದ ಚಾರ್ಲ್ಸ್‌ಟನ್ ಊರಿನ ಗುಲಾಮ ತಾಯಿ-ಮಗಳು ಕಪಾಟಿನಲ್ಲಿ ಅಡಗಿ, ಸಿಹಿ ಮಾಡಿದ ಪಾತ್ರೆ ನೆಕ್ಕುತ್ತಾರೆ. ಅಲ್ಲೂ ಇದೇ ಆಕ್ಷೇಪ ಬಂತು. ಲೇಖಕಿ ಕ್ಷಮೆ ಕೇಳಿದರು, ಬರೆದದ್ದಕ್ಕೆ ಸಿಕ್ಕ ಹಣವನ್ನು ದಾನ ಮಾಡಿದರು. ಪುಸ್ತಕ ಮಾತ್ರ ಅಂಗಡಿಯಲ್ಲೇ ಉಳಿಯಿತು. ಇವತ್ತಿಗೂ ಶಿಕ್ಷಕರು ಆ ಪುಟ ತೆರೆದು ವಾದ ಮಾಡಬಹುದು. ನನಗೆ ಈ ದಾರಿಯೇ ಇಷ್ಟ.

ಹರ್ಕ್ಯುಲಿಸ್ ತಪ್ಪಿಸಿಕೊಂಡ ಮೇಲೆ ಏನಾದ ಎಂಬುದು ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ. 1812ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡ ಎಂಬುದಕ್ಕೆ 2019ರಲ್ಲಿ ದಾಖಲೆ ಸಿಕ್ಕಿತು. ಹುಡುಕಿ ತೆಗೆದವರಲ್ಲಿ ಕೇಕಿನ ಪುಸ್ತಕ ಬರೆದ ರಮಿನ್ ಗಣೇಶ್‌ರಾಮ್ ಕೂಡ ಒಬ್ಬರು.