ಕೊಳಕೆ ಎಂಬ ಪದ ಯಾರ ಸುಪರ್ದಿಯಲ್ಲಿದೆ?

ತುಳುನಾಡಿನಲ್ಲಿ ಭತ್ತಕ್ಕೆ ವರ್ಷಕ್ಕೆ ಮೂರು ಬೆಳೆ. ಮಳೆಗಾಲದ್ದು ಏಣೆಲು, ಅದರ ಬೆನ್ನಿಗೆ ಸುಗ್ಗಿ, ಬೇಸಿಗೆಯಲ್ಲೂ ನೀರು ನಿಲ್ಲುವ ಗದ್ದೆಗಳಲ್ಲಿ ಮಾತ್ರ ಕೊಳಕೆ. ಗದ್ದೆ ತೋಟವಾದಾಗ, ತೋಟ ಮನೆ ನಿವೇಶನವಾದಾಗ ಮೊದಲು ಹೋದದ್ದು ಈ ಮೂರನೆಯ ಬೆಳೆ, ಜೊತೆಗೆ ಆ ಪದ. ನೇಜಿ (ಭತ್ತದ ಸಸಿ) ನೆಡುವ ಹೆಂಗಸರು ಹೇಳುತ್ತಿದ್ದ ಓಬೇಲೆ ಹಾಡಿಗೂ ಅದೇ ಗತಿ. ಯಾವ ಸರ್ಕಾರವೂ ಈ ಪದಗಳನ್ನು ನಿಷೇಧಿಸಲಿಲ್ಲ, ಕಾಪಾಡುವ ಹೊಣೆಯನ್ನೂ ಹೊರಲಿಲ್ಲ. ಕಾಪಾಡಿದವರು ಬೇರೆಯವರು. ಭಾಷಾ ಆಡಳಿತದ ಚರ್ಚೆ ಬಂದಾಗಲೆಲ್ಲ ಮಾನ್ಯ ಭಾಷೆಗಳ ಪಟ್ಟಿಯಾದ ಸಂವಿಧಾನದ ಎಂಟನೇ ಪರಿಚ್ಛೇದದತ್ತ ಓಡುವ ನಾವು ಅವರ ಕಥೆಯನ್ನು ಅರ್ಧಕ್ಕೇ ಬಿಟ್ಟುಬಿಡುತ್ತೇವೆ.

ಕಥೆ ಮಂಗಳೂರಿನಲ್ಲಿ ಶುರುವಾಗುತ್ತದೆ. 1834ರಲ್ಲಿ ಬಂದಿಳಿದ ಬಾಸೆಲ್ ಮಿಷನ್ನಿನವರಿಗೆ ಮತಪ್ರಚಾರಕ್ಕೆ ತುಳು ಬೇಕಿತ್ತು. ಬ್ರಿಗೆಲ್ 1872ರಲ್ಲಿ ತುಳು ವ್ಯಾಕರಣ ಹೊರತಂದರು, ಮೆನ್ನರ್ 1886ರಲ್ಲಿ ತುಳು–ಇಂಗ್ಲಿಷ್ ನಿಘಂಟು. ತುಳುವನ್ನು ಅಚ್ಚು ಹಾಕಲು ಮಿಷನ್ ಆರಿಸಿಕೊಂಡದ್ದು ಕನ್ನಡ ಲಿಪಿಯನ್ನು. ತುಳು ಲಿಪಿ ಅಥವಾ ತಿಗಳಾರಿ ತಾಳೆಗರಿಗಳಲ್ಲಿ, ಹೆಚ್ಚಾಗಿ ಸಂಸ್ಕೃತ ಗ್ರಂಥಗಳ ಜೊತೆ, ಹಾಗೆಯೇ ಉಳಿಯಿತು. ಇವತ್ತಿಗೂ ನಾವು ವಾಟ್ಸ್‌ಆ್ಯಪ್‌ನಲ್ಲಿ ತುಳುವನ್ನು ಕನ್ನಡ ಅಕ್ಷರದಲ್ಲಿ ಬರೆಯುವುದರ ಬೇರು ಆ ಅಚ್ಚುಕೂಟದಲ್ಲಿದೆ. ತುಳುವಿನ ಮೊದಲ ಭಾಷಾನೀತಿ ಎನ್ನಬಹುದಾದದ್ದು ಇದೇ, ಇದನ್ನು ರೂಪಿಸಿದ್ದು ದರ್ಬಾರೂ ಅಲ್ಲ, ಶಾಸನಸಭೆಯೂ ಅಲ್ಲ.

ಸರ್ಕಾರದ ಕಡೆಯಿಂದ ನೋಡಿದರೆ ಸಿಗುವುದು ಬರೀ ಗೈರುಹಾಜರಿ. ಬ್ರಿಟಿಷರ ಕಾಲದ ಗ್ರಿಯರ್ಸನ್ನರ ಹೆಸರಾಂತ ಭಾಷಾ ಸಮೀಕ್ಷೆ ಮದ್ರಾಸ್ ಪ್ರಾಂತ್ಯವನ್ನು ಹೊರಗಿಟ್ಟಿತ್ತು. ದಕ್ಷಿಣ ಕನ್ನಡ ಇದ್ದದ್ದು ಆ ಪ್ರಾಂತ್ಯದಲ್ಲೇ. 1956ರಲ್ಲಿ ಭಾಷೆಯ ಆಧಾರದ ಮೇಲೆ ರಾಜ್ಯಗಳು ಮರುರಚನೆಯಾದಾಗ ತುಳುನಾಡು ಎರಡು ಪಾಲಾಯಿತು: ಕಾಸರಗೋಡು ಕೇರಳಕ್ಕೆ, ಉಳಿದದ್ದು ಮೈಸೂರು ರಾಜ್ಯಕ್ಕೆ. ದ್ರಾವಿಡ ಭಾಷೆಗಳಲ್ಲಿ ತುಳು ಬಹಳ ಬೆಳೆದದ್ದು ಎಂದು ಭಾಷಾವಿದ್ವಾಂಸ ಕಾಲ್ಡ್‌ವೆಲ್ ಹತ್ತೊಂಬತ್ತನೇ ಶತಮಾನದಲ್ಲೇ ಬರೆದಿದ್ದರು. ಇಷ್ಟು ಕಾಲ ಕಳೆದರೂ ಆ ಪ್ರಶಸ್ತಿಪತ್ರದಿಂದ ಒಂದು ತಾಲ್ಲೂಕು ಕಚೇರಿಯ ಕಡತವೂ ತುಳುವಿಗೆ ಬರಲಿಲ್ಲ. ನಮ್ಮ ಮನವಿಪತ್ರಗಳು ಮಾತ್ರ ಇನ್ನೂ ಆ ಸಾಲಿನಿಂದಲೇ ಆರಂಭವಾಗುತ್ತವೆ.

ನಿಜವಾದ ಕೆಲಸ ನಡೆದದ್ದು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ. ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ 1979ರಲ್ಲಿ ತುಳು ನಿಘಂಟಿನ ಯೋಜನೆ ಶುರುವಾಯಿತು. ಭಾಷಾವಿಜ್ಞಾನಿ ಯು.ಪಿ. ಉಪಾಧ್ಯಾಯರು ಸಂಪಾದಕರು, ಸುಶೀಲಾ ಉಪಾಧ್ಯಾಯರು ಜೊತೆಗಾರರು. ಮೊದಲ ಸಂಪುಟ ಬಂದದ್ದು 1988ರಲ್ಲಿ, ಆರನೆಯದು 1997ರಲ್ಲಿ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ ವರ್ಷ. ಜಿಲ್ಲೆಗೆ ಒಂದಿಡೀ ಆಡಳಿತ ಯಂತ್ರ ಸಿಕ್ಕಿತು, ನಿಘಂಟಿಗೆ ಕಪಾಟು.

ಆ ನಿಘಂಟಿನ ಹೆಚ್ಚುಗಾರಿಕೆ ಗಾತ್ರದಲ್ಲಿಲ್ಲ. ತಲೆಗೆ ಒಂದು ಕಡೆ ತರೆ, ಇನ್ನೊಂದು ಕಡೆ ಸರೆ, ಮತ್ತೊಂದೆಡೆ ಹರೆ ಎನ್ನುತ್ತಾರೆ. ಇವುಗಳಲ್ಲಿ ಯಾವುದು ‘ಶುದ್ಧ’ ಎಂದು ತೀರ್ಪು ಕೊಡದೆ, ಯಾವ ಸೀಮೆಯದು, ಯಾವ ಸಮುದಾಯದ ಆಡುಮಾತು ಎಂದು ಗುರುತು ಹಾಕಿ ಎಲ್ಲವನ್ನೂ ದಾಖಲಿಸಿದ್ದಾರೆ. ಒಂದು ಭಾಷೆಗೆ ಸರ್ಕಾರಿ ಸ್ಥಾನ ಸಿಕ್ಕಾಗ ಮೊದಲು ಏಟು ಬೀಳುವುದು ಇಂಥ ಭೇದಗಳಿಗೇ. ಪಠ್ಯಪುಸ್ತಕಕ್ಕೆ ಒಂದೇ ರೂಪ ಬೇಕು, ಅರ್ಜಿ ನಮೂನೆಗೂ ಒಂದೇ ಸಾಕು. ಆದ್ದರಿಂದ ಮಾನ್ಯತೆ ಮೊದಲು, ದಾಖಲಾತಿ ಆಮೇಲೆ ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ.

ಪದಗಳ ಜೊತೆಗೆ ಹಾಡಿನ ದಾಖಲಾತಿಯೂ ನಡೆಯಿತು. 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಗೋಪಾಲ ನಾಯ್ಕರು ಸಿರಿ ಪಾಡ್ದನವನ್ನು, ಅಂದರೆ ಸಿರಿಯ ಕಥೆಯ ಹಾಡುಗಾವ್ಯವನ್ನು, ಹೇಳಿದರು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಇಲ್ಲಿಯ ಬಿ.ಎ. ವಿವೇಕ ರೈ ಮತ್ತು ಚಿನ್ನಪ್ಪ ಗೌಡರು ಅದನ್ನು ದಾಖಲಿಸಿಕೊಂಡರು. 15,683 ಸಾಲುಗಳ ಆ ಕಾವ್ಯ 1998ರಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟವಾಯಿತು, ಹೆಲ್ಸಿಂಕಿಯಲ್ಲಿ. ಅಕ್ಷರ ಓದದ ಕೃಷಿಕರೊಬ್ಬರು ಮನಸ್ಸಿನಲ್ಲಿ ಹೊತ್ತಿದ್ದ ಕಾವ್ಯ ಅದು. ಅದನ್ನು ಅಚ್ಚಿನಲ್ಲಿ ಓದಬೇಕೆಂದು ಬೆಳ್ತಂಗಡಿಯ ಶಾಲೆಯ ಹುಡುಗಿ ಹೊರಟರೆ ಎಲ್ಲಿಗೆ ಹೋಗಬೇಕು? ಸಂಶೋಧನೆಗೆ ಯೋಜನೆಯ ಹಣ ಬರುತ್ತದೆ, ಯೋಜನೆ ಮುಗಿದ ಮೇಲೆ ಧ್ವನಿಸುರುಳಿಗೆ ಬೂಸ್ಟು ಹಿಡಿಯದಂತೆ ಕಾಯುವವನ ಸಂಬಳಕ್ಕೆ ಹಣ ಬರುವುದಿಲ್ಲ. ನಮ್ಮ ಕರಾವಳಿಯ ತೇವದಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಕಾನೂನಿನ ಕಡೆ. ಕೊಂಕಣಿಗೆ 1975ರಲ್ಲಿ ಸಾಹಿತ್ಯ ಅಕಾಡೆಮಿಯ ಮನ್ನಣೆ ಸಿಕ್ಕಿತು, 1987ರಲ್ಲಿ ಅದು ಗೋವಾದ ಅಧಿಕೃತ ಭಾಷೆಯಾಯಿತು, 1992ರಲ್ಲಿ ಎಂಟನೇ ಪರಿಚ್ಛೇದ ಸೇರಿತು. ಬೆನ್ನಿಗೆ ಒಂದು ರಾಜ್ಯ ಇತ್ತು. ತುಳುವಿಗೆ ಇದ್ದದ್ದು ಜನ: 2011ರ ಜನಗಣತಿಯಲ್ಲಿ 18,46,427. ಆಗಲೇ ಪಟ್ಟಿಯಲ್ಲಿರುವ ಮಣಿಪುರಿ, ಬೋಡೊ ಭಾಷೆಗಳನ್ನಾಡುವವರು ಇದಕ್ಕಿಂತ ಕಡಿಮೆ. ಸೇರ್ಪಡೆಗೆ ಅಳತೆಗೋಲು ಯಾವುದೆಂದು ಸಂವಿಧಾನ ಹೇಳಿಲ್ಲ. ಇದಕ್ಕೆಂದೇ ಕೇಂದ್ರ ನೇಮಿಸಿದ ಪಹ್ವಾ ಸಮಿತಿ, ಸೀತಾಕಾಂತ ಮಹಾಪಾತ್ರ ಸಮಿತಿಗಳು ಕೂತೆದ್ದರೂ ಅಳತೆಗೋಲು ಸ್ಥಿರವಾಗಲಿಲ್ಲ. ಇದಕ್ಕಿಂತ ಹತ್ತಿರದ ದಾರಿ ಸಂವಿಧಾನದ 345ನೇ ವಿಧಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಒಂದು ಅಥವಾ ಹೆಚ್ಚು ಭಾಷೆಗಳನ್ನು ಆಡಳಿತಕ್ಕೆ ಒಪ್ಪಿಕೊಳ್ಳಲು ಅದು ವಿಧಾನಮಂಡಲಕ್ಕೆ ಅಧಿಕಾರ ಕೊಡುತ್ತದೆ, ದೆಹಲಿಯ ಬಾಗಿಲು ತಟ್ಟಬೇಕಿಲ್ಲ. ತುಳುವನ್ನು ರಾಜ್ಯದ ಎರಡನೇ ಅಧಿಕೃತ ಭಾಷೆ ಮಾಡುವ ಬಗ್ಗೆ 2023ರಲ್ಲಿ ಮೋಹನ ಆಳ್ವರ ಸಮಿತಿ ರಚನೆಯಾದದ್ದು ಈ ದಾರಿಯ ನಿರೀಕ್ಷೆಯಲ್ಲೇ.

2024ರಲ್ಲಿ ಎರಡು ಬಾಗಿಲುಗಳು ತೆರೆದವು. ಜೂನ್‌ನಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು, ಸೆಪ್ಟೆಂಬರಿನಲ್ಲಿ ಕಂಪ್ಯೂಟರಿನ ಅಕ್ಷರ ಸಂಕೇತಗಳ ಮಾನದಂಡವಾದ ಯೂನಿಕೋಡ್‌ನ 16ನೇ ಆವೃತ್ತಿಯಲ್ಲಿ ಹಳೆಯ ತುಳು ಲಿಪಿ ಬಂತು. ಲಿಪಿಯ ಹೆಸರಿನ ಜಗಳ ಬಗೆಹರಿಯದೆ ಅದಕ್ಕೆ ‘ತುಳು-ತಿಗಳಾರಿ’ ಎಂಬ ಜೋಡಿ ಹೆಸರು. ಅನುವಾದಿಸುವ ಯಂತ್ರಕ್ಕೆ ಬೇಕಾದದ್ದು ಅಂತರ್ಜಾಲದಲ್ಲಿ ಸಿಗುವ ಪಠ್ಯ. ಕಪಾಟಿನಲ್ಲಿರುವುದು ಅದರ ಕಣ್ಣಿಗೆ ಬೀಳುವುದಿಲ್ಲ, ಹೀಗಾಗಿ ಕೊಳಕೆಯ ಗದ್ದೆ ಗೊತ್ತಿಲ್ಲದ ತುಳುವೊಂದು ಬೆಳೆದರೆ ಆಶ್ಚರ್ಯವಿಲ್ಲ.

ಇಷ್ಟೆಲ್ಲ ತುಳುವಿನ ಮಾತಾಯಿತು. ಅದೇ ಊರುಗಳಲ್ಲಿ, ಹೊರಗೆ ತುಳು ಅಥವಾ ಕನ್ನಡ ಆಡುತ್ತ ತಮ್ಮೊಳಗೆ ಮಾತ್ರ ಇನ್ನೊಂದು ಭಾಷೆ ಆಡಿಕೊಂಡು ಬಂದವರು ಕೊರಗ ಬುಡಕಟ್ಟಿನವರು. ಡಿ.ಎನ್. ಶಂಕರ ಭಟ್ಟರು ಕೊರಗ ಭಾಷೆಯ ಬಗ್ಗೆ ಪುಸ್ತಕ ಪ್ರಕಟಿಸಿದ್ದು 1971ರಲ್ಲಿ. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳ ಹೆಸರನ್ನು ಜನಗಣತಿ ಪ್ರಕಟಿಸದೆ ‘ಇತರ’ ಎಂಬ ಗೋಣಿಗೆ ತುಂಬಲು ಶುರುಮಾಡಿದ್ದೂ 1971ರಿಂದಲೇ. 2011ರ ಪಟ್ಟಿಯಲ್ಲಿ 121 ಭಾಷೆಗಳಿವೆ. ಕೊರಗ ಅದರಲ್ಲಿಲ್ಲ.