ಪಿಕಾರ್ಡ್ ಆ 40 ವರ್ಷವನ್ನು ಮರೆತೇಬಿಟ್ಟನಾ?

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್‌ನ ‘ದಿ ಇನ್ನರ್ ಲೈಟ್’ ಎಪಿಸೋಡ್ ನೋಡಿ ತುಂಬಾ ಅತ್ತೆ. ಕಣ್ಣೊರೆಸಿಕೊಂಡು ಮುಂದಿನ ಎಪಿಸೋಡ್ ಹಾಕಿದರೆ ಕ್ಯಾಪ್ಟನ್ ಪಿಕಾರ್ಡ್ ಏನೂ ಆಗೇ ಇಲ್ಲ ಅನ್ನೋ ಹಾಗೆ ಓಡಾಡುತ್ತಿದ್ದಾನೆ. ಹೆಂಡತಿ, ಮಕ್ಕಳು, ಮೊಮ್ಮಗ ಅಂತ ಒಂದು ಇಡೀ ಬದುಕು ಬದುಕಿ ಬಂದವನು ಹಾಗಿರೋಕೆ ಆಗುತ್ತಾ? ನನಗೆ ಮೋಸ ಹೋದ ಹಾಗಾಯಿತು. ಇದನ್ನು ಯಾಕೆ ಎಲ್ಲರೂ ಇಷ್ಟು ಹೊಗಳುತ್ತಾರೆ?"

ಚಿತ್ರದುರ್ಗದಲ್ಲಿ ನಾನು ಈ ಎಪಿಸೋಡನ್ನು ಯಾರಿಗೆ ತೋರಿಸಿದರೂ ಮೊದಲ ದಿನ ಅಳುತ್ತಾರೆ, ಎರಡನೇ ದಿನ ಸಿಟ್ಟಾಗುತ್ತಾರೆ. ಸಿಟ್ಟಿಗೆ ಕಾರಣ ಯಾವಾಗಲೂ ಇದೇ ಪ್ರಶ್ನೆ. ಹಾಗಾಗಿ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಮರೆತಿಲ್ಲ. ಆದರೆ ಮರೆತಿಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಅವನಿಗೆ ಹತ್ತು ತಿಂಗಳು ಬೇಕಾಯಿತು. ನೀವು ಇನ್ನೂ ಅಲ್ಲಿಗೆ ಬಂದಿಲ್ಲ, ಅಷ್ಟೇ.

ನೋಡಿಲ್ಲದವರಿಗೆ ಕಥೆ ಹೇಳುತ್ತೇನೆ. ಮುಕ್ಕಾಲು ಗಂಟೆಯ ಎಪಿಸೋಡ್, ಮೊದಲು ನೋಡಿ ಬಂದು ಓದಿದರೆ ಇನ್ನೂ ಒಳ್ಳೆಯದು. 1992ರ ಜೂನ್ 1ರಂದು ಅಮೆರಿಕದಲ್ಲಿ ಪ್ರಸಾರವಾಯಿತು. ಪಿಕಾರ್ಡ್ ನಾಯಕನಾಗಿರುವ ಎಂಟರ್‌ಪ್ರೈಸ್ ಅನ್ನುವ ಬಾಹ್ಯಾಕಾಶ ಹಡಗಿಗೆ ದಾರಿಯಲ್ಲಿ ಒಂದು ಹಳೆಯ ಶೋಧನೌಕೆ ಸಿಗುತ್ತದೆ. ಅದರಿಂದ ಬಂದ ಕಿರಣ ತಾಗಿ ಪಿಕಾರ್ಡ್ ಕುಸಿದು ಬೀಳುತ್ತಾನೆ. ಕಣ್ಣು ಬಿಟ್ಟರೆ ಕಟಾನ್ ಅನ್ನುವ ಗ್ರಹದ ರೆಸ್ಸಿಕ್ ಎಂಬ ಊರಿನಲ್ಲಿದ್ದಾನೆ. ಅಲ್ಲಿ ಎಲ್ಲರೂ ಅವನನ್ನು ಕೇಮಿನ್ ಅಂತ ಕರೆಯುತ್ತಾರೆ, ಎಲೀನ್ ಅನ್ನುವವಳು ತಾನು ಅವನ ಹೆಂಡತಿ ಅನ್ನುತ್ತಾಳೆ. ವರ್ಷಗಟ್ಟಲೆ ಅವನು ನಂಬುವುದಿಲ್ಲ. ಆಮೇಲೆ ಒಂದು ದಿನ ಹುಡುಕಾಟ ಬಿಟ್ಟು ಬದುಕೋಕೆ ಶುರು ಮಾಡುತ್ತಾನೆ. ಮಗಳು ಹುಟ್ಟುತ್ತಾಳೆ, ಮಗ ಹುಟ್ಟುತ್ತಾನೆ, ಕೊಳಲು ಕಲಿಯುತ್ತಾನೆ, ಹೆಂಡತಿಯನ್ನು ಕಳೆದುಕೊಳ್ಳುತ್ತಾನೆ, ಮುದುಕನಾಗಿ ಮೊಮ್ಮಗನ ಜೊತೆ ಆಡುತ್ತಾನೆ. ಇಷ್ಟೂ ಹೊತ್ತು ಅವನ ದೇಹ ಹಡಗಿನ ನೆಲದ ಮೇಲೇ ಬಿದ್ದಿದೆ. ಎಚ್ಚರವಾದಾಗ ಹಡಗಿನಲ್ಲಿ ಕಳೆದಿರುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ. ಕಟಾನ್‌ನ ಸೂರ್ಯ ಸಿಡಿದು ಆ ಜನರೆಲ್ಲ ಸತ್ತು ಆಗಲೇ ಸಾವಿರ ವರ್ಷವಾಗಿದೆ. ತಾವು ಹೇಗಿದ್ದೆವು ಅಂತ ಯಾರಾದರೂ ಒಬ್ಬರಿಗೆ ಗೊತ್ತಿರಲಿ ಅಂತ ಅವರು ಆ ನೌಕೆಯನ್ನು ಹಾರಿಬಿಟ್ಟಿದ್ದರು.

ಇದಾಗಿ ಎರಡು ವಾರಕ್ಕೆ ಬಂದದ್ದು ‘ಟೈಮ್ಸ್ ಆರೋ’. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಗುಹೆಯಲ್ಲಿ ಹಡಗಿನ ಯಂತ್ರಮಾನವ ಡೇಟಾನ ತಲೆ ಸಿಗುತ್ತದಲ್ಲ, ಅದೇ. ನೀವು ಹೇಳಿದ್ದು ಸರಿ, ಅದರಲ್ಲಿ ಎಲೀನ್ ಹೆಸರೇ ಇಲ್ಲ.

ಯಾಕಿಲ್ಲ ಅನ್ನೋಕೆ ಆಗ ಟಿವಿ ಹೇಗೆ ನಡೆಯುತ್ತಿತ್ತು ಅಂತ ಗೊತ್ತಿರಬೇಕು. ಈ ಸರಣಿ ಒಂದು ದೊಡ್ಡ ಚಾನೆಲ್ಲಿನ ಆಸ್ತಿಯಾಗಿರಲಿಲ್ಲ. ಪ್ಯಾರಾಮೌಂಟ್‌ನವರು ಅದನ್ನು ಅಮೆರಿಕದ ಊರೂರಿನ ಸ್ಟೇಷನ್‌ಗಳಿಗೆ ನೇರವಾಗಿ ಮಾರುತ್ತಿದ್ದರು. ಒಂದು ಊರಲ್ಲಿ ಶನಿವಾರ ಬಂದರೆ ಇನ್ನೊಂದು ಊರಲ್ಲಿ ಬೇರೆ ದಿನ, ಬೇರೆ ಹೊತ್ತು. ತಪ್ಪಿಸಿಕೊಂಡವರಿಗೆ ಹಿಂದಕ್ಕೆ ಹೋಗಿ ನೋಡುವ ಅನುಕೂಲ ಇರಲಿಲ್ಲ, ಮರುಪ್ರಸಾರದಲ್ಲಿ ಯಾವುದು ಮೊದಲು ಯಾವುದು ಆಮೇಲೆ ಅನ್ನೋ ಭರವಸೆಯೂ ಇರಲಿಲ್ಲ. ಹಾಗಾಗಿ ಪ್ರತಿ ಎಪಿಸೋಡೂ ತನ್ನಷ್ಟಕ್ಕೆ ಮುಗಿಯಬೇಕು, ಯಾರು ಯಾವತ್ತು ಟಿವಿ ಹಾಕಿದರೂ ಅರ್ಥವಾಗಬೇಕು. ನಾವು ಈಗ ಒಂದೇ ರಾತ್ರಿ ಆರು ಎಪಿಸೋಡ್ ಸಾಲಾಗಿ ನೋಡಿ ಮುಗಿಸುವವರು. ಮೊದಲ ಸಲ ನೋಡಿದವರಿಗೆ ಎರಡು ವಾರದ ಬಿಡುವಿತ್ತು. ನಿಮಗೆ ಸಿಕ್ಕಿದ್ದು ಹತ್ತು ಸೆಕೆಂಡು. ಮೋಸ ಹೋದ ಹಾಗೆ ಅನಿಸೋದರಲ್ಲಿ ಇದರ ಪಾಲೂ ಇದೆ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಆದರೆ ಇಷ್ಟಕ್ಕೇ ಅವರನ್ನು ಬಿಟ್ಟುಬಿಡೋಕೆ ನಾನು ತಯಾರಿಲ್ಲ. ಯಾಕೆಂದರೆ ಇದೇ ಸರಣಿ ಎರಡು ವರ್ಷ ಮುಂಚೆ ಇದನ್ನು ಮಾಡಿ ತೋರಿಸಿತ್ತು. 1990ರಲ್ಲಿ ಬೋರ್ಗ್ ಅನ್ನುವ ಅರೆಯಂತ್ರ ಶತ್ರುಗಳು ಪಿಕಾರ್ಡ್‌ನನ್ನು ಹಿಡಿದು ತಮ್ಮಂತೆ ಮಾಡಿಕೊಳ್ಳುತ್ತಾರೆ, ಅವನ ಕೈಯಿಂದಲೇ ಅವನ ಜನರನ್ನು ಕೊಲ್ಲಿಸುತ್ತಾರೆ. ಅದು ಮುಗಿದ ಮರುವಾರ ಬಂದದ್ದು ‘ಫ್ಯಾಮಿಲಿ’. ಅದರಲ್ಲಿ ಅವನು ಫ್ರಾನ್ಸಿನ ತನ್ನ ಹಳ್ಳಿಗೆ ಹೋಗುತ್ತಾನೆ, ದ್ರಾಕ್ಷಿ ತೋಟದ ಕೆಸರಿನಲ್ಲಿ ಅಣ್ಣನ ಜೊತೆ ಹೊಡೆದಾಡಿ, ಅಲ್ಲೇ ಕೂತು ಮಗುವಿನ ಹಾಗೆ ಅಳುತ್ತಾನೆ. ಅಂದರೆ ಮನಸ್ಸು ಮಾಡಿದರೆ ಆಗುತ್ತಿತ್ತು. ‘ಫ್ಯಾಮಿಲಿ’ಯನ್ನು ಬರೆದ ರೊನಾಲ್ಡ್ ಮೂರ್ ಮುಂದೆ ಇದನ್ನು ಒಪ್ಪಿಕೊಂಡರು. ತಾವೆಲ್ಲ ಒಂದು ಒಳ್ಳೆಯ ಗಂಟೆಯ ಟಿವಿ ಮಾಡಬೇಕು ಅಂತ ಹೊರಟಿದ್ದೆವು, ಇಂಥ ಅನುಭವ ಒಬ್ಬ ಮನುಷ್ಯನನ್ನು ಎಷ್ಟು ಅಲ್ಲಾಡಿಸಿಬಿಡುತ್ತೆ ಅನ್ನೋದು ತಮಗೆ ಹೊಳೆದದ್ದು ಆಮೇಲೆ ಅನ್ನುವ ಅರ್ಥದಲ್ಲಿ ಹೇಳಿದ್ದರು. ಬರೆದವರ ಬಳಗವೇ ಹೀಗೆ ಹೇಳಿದ ಮೇಲೆ ಅಭಿಮಾನಿಗಳ ದೂರು ಸುಮ್ನೆ ತಗಾದೆ ಅಲ್ಲ ಅಂತಾಯಿತು.

ಈಗ ನೀವು ಗಮನಿಸದೆ ಬಿಟ್ಟಿರಬಹುದಾದ ಒಂದು ಜಾಗ. ‘ದಿ ಇನ್ನರ್ ಲೈಟ್’ನ ಕೊನೆಯ ದೃಶ್ಯದಲ್ಲಿ ಪಿಕಾರ್ಡ್‌ನ ಕೈಕೆಳಗಿನ ಅಧಿಕಾರಿ ರೈಕರ್ ಅವನ ಕೋಣೆಗೆ ಬರುತ್ತಾನಲ್ಲ, ಆಗ ಪಿಕಾರ್ಡ್ ಒಂದು ಮಾತು ಹೇಳುತ್ತಾನೆ: ಇದು ನನ್ನ ಮನೆ ಅನ್ನೋದನ್ನೇ ಮತ್ತೆ ಹೊಸದಾಗಿ ಕಂಡುಕೊಳ್ಳಬೇಕಾಗಿದೆ ಅಂತ. ಪಿಕಾರ್ಡ್ ಆಗಿ ನಟಿಸಿದ ಪ್ಯಾಟ್ರಿಕ್ ಸ್ಟುವರ್ಟ್ ಅದನ್ನು ಎಷ್ಟು ಮೆಲ್ಲಗೆ ಹೇಳುತ್ತಾರೆ ಅಂದರೆ ನಾನು ಮೂರನೇ ಸಲ ನೋಡುವವರೆಗೂ ಅದು ಕಿವಿಗೆ ಬಿದ್ದಿರಲಿಲ್ಲ. ರೈಕರ್ ಒಂದು ಪೆಟ್ಟಿಗೆ ಕೊಟ್ಟು ಹೋಗುತ್ತಾನೆ. ಶೋಧನೌಕೆಯೊಳಗೆ ಸಿಕ್ಕಿದ್ದು ಅದು, ಒಳಗೆ ಕೊಳಲು. ಅವನು ಮೊದಲು ಅದನ್ನು ಎದೆಗೆ ಅವಚಿಕೊಳ್ಳುತ್ತಾನೆ, ಆಮೇಲೆ ತುಟಿಗೆ. ಕೇಮಿನ್ ಆಗಿ ಕಲಿತದ್ದು ಪಿಕಾರ್ಡ್‌ನ ಬೆರಳಿಗೆ ಬರುತ್ತದೆ. ಜೇ ಚಾಟವೇ ಕಟ್ಟಿದ ಆ ಸಣ್ಣ ರಾಗ ಕೇಳಿದರೆ ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ. ಮರೆತವನಿಗೆ ಅದು ಬರುವುದಿಲ್ಲ ಅಲ್ವಾ?

ಅಭಿಮಾನಿಗಳಿಗೆ ಆ ಕೊಳಲು ಎಷ್ಟು ಬೇಕಾಗಿತ್ತು ಅನ್ನೋದಕ್ಕೆ ಒಂದೇ ವಿಷಯ ಸಾಕು. 2006ರಲ್ಲಿ ಕ್ರಿಸ್ಟೀಸ್‌ನವರು ಸರಣಿಯ ಸಾಮಾನುಗಳನ್ನು ಹರಾಜಿಗಿಟ್ಟಾಗ ಇದಕ್ಕೆ ಮೊದಲು ಅಂದಾಜು ಮಾಡಿದ್ದು ಕೆಲವೇ ನೂರು ಡಾಲರ್. ಹೋದದ್ದು 40 ಸಾವಿರ ಡಾಲರ್ ದಾಟಿ.

ಇನ್ನು ಆ ಹತ್ತು ತಿಂಗಳ ಮಾತು. ನೀವು ಈಗ ಆರನೇ ಸೀಸನ್ನಿನ ‘ಲೆಸನ್ಸ್’ ನೋಡಬೇಕು, 1993ರ ಏಪ್ರಿಲ್‌ನಲ್ಲಿ ಬಂದದ್ದು. ಪಿಕಾರ್ಡ್‌ಗೆ ನೆಲ್ಲಾ ಡ್ಯಾರೆನ್ ಅನ್ನುವ ಸಹೋದ್ಯೋಗಿಯ ಮೇಲೆ ಮನಸ್ಸಾಗುತ್ತದೆ. ಅವಳು ಪಿಯಾನೋ ನುಡಿಸುವವಳು. ಇಬ್ಬರೂ ಹಡಗಿನ ಒಳಗಿನ ಕಿರಿದಾದ ಸುರಂಗದಲ್ಲಿ, ದನಿ ಚೆನ್ನಾಗಿ ತುಂಬಿಕೊಳ್ಳುವ ಒಂದು ಮೂಲೆಯಲ್ಲಿ ಕೂತು ನುಡಿಸುತ್ತಾರೆ. ಆಮೇಲೆ ಅವನು ಆ ಕೊಳಲು ಎಲ್ಲಿಂದ ಬಂತು ಅಂತ ಅವಳಿಗೆ ಹೇಳುತ್ತಾನೆ. ನನಗೆ ಹೆಂಡತಿ ಇದ್ದಳು, ಮಕ್ಕಳು ಮೊಮ್ಮಕ್ಕಳು ಇದ್ದರು, ಉಳಿದದ್ದು ಇದೊಂದೇ ಅನ್ನುವ ಹಾಗೆ. ದೊಡ್ಡ ಸಂಗೀತವಿಲ್ಲ, ಕಣ್ಣೀರಿಲ್ಲ. ಹೀಗೂ ನೆನಪಿಟ್ಟುಕೊಳ್ಳುವವರಿದ್ದಾರೆ. ನಮ್ಮ ಮನೆಗಳಲ್ಲಿ ಗಂಡಸರು ಮಾಡುವುದೇ ಇದು, ಒಳಗೊಳಗೇ ಇಟ್ಟುಕೊಂಡು ವರ್ಷಗಟ್ಟಲೆ ಆಫೀಸಿಗೆ ಹೋಗಿ ಬರುತ್ತಾರೆ. ಹಾಗಾಗಿ ‘ಟೈಮ್ಸ್ ಆರೋ’ದಲ್ಲಿ ಅವನು ಮಾಮೂಲಿಯಾಗಿ ಓಡಾಡುವುದು ನನಗೆ ಈಗ ಸುಳ್ಳು ಅನಿಸುವುದಿಲ್ಲ. ಬರೆದವರು ಯೋಚಿಸದೆ ಬಿಟ್ಟದ್ದೇ ಇರಬಹುದು, ಆದರೆ ಪಾತ್ರಕ್ಕೆ ಹೊಂದುತ್ತದೆ.

ಹಾಗಂತ ಈ ಎಪಿಸೋಡಿನಲ್ಲಿ ದೋಷವೇ ಇಲ್ಲ ಅಂತಲ್ಲ. ನಮ್ಮ ಗೆಳೆಯರ ಗುಂಪು ಒಮ್ಮೆ ದಾವಣಗೆರೆಗೆ ಬೆಣ್ಣೆ ದೋಸೆಗೆ ಅಂತ ಹೋಗಿ, ದೋಸೆ ಮುಗಿದು ಮಂಡಕ್ಕಿ ಮೆಣಸಿನಕಾಯಿಗೆ ಬಂದರೂ ಇದೇ ಜಗಳ. ಒಬ್ಬಳ ವಾದ ಹೀಗಿತ್ತು: ಕೇಳದೆ ಕೇಳಿಸದೆ ಒಬ್ಬನ ತಲೆಗೆ 40 ವರ್ಷದ ಸುಖದುಃಖ ತುಂಬುವುದು ತಪ್ಪು. ಹಡಗಿನವರು ಕಿರಣವನ್ನು ತಡೆಯೋಕೆ ಹೋದರೆ ಪಿಕಾರ್ಡ್ ಸಾಯುವ ಸ್ಥಿತಿಗೆ ಬರುತ್ತಾನೆ, ಅಂದರೆ ಬಿಡಿಸಿಕೊಳ್ಳುವ ದಾರಿಯೂ ಇಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಅವಳು ಹೇಳಿದ್ದು ನಿಜ. ಇನ್ನೊಬ್ಬ ಕೇಳಿದ್ದು, ಈಗಷ್ಟೇ ಸಣ್ಣ ರಾಕೆಟ್ ಹಾರಿಸೋಕೆ ಕಲಿತವರು ಮನುಷ್ಯನ ಮನಸ್ಸಿನೊಳಗೆ ಊರು ಕಟ್ಟುವ ಯಂತ್ರ ಹೇಗೆ ಮಾಡಿದರು ಅಂತ. ಅದು ಕಥೆಯಲ್ಲಿರುವ ತೂತೇ. ನಾನು ಅದನ್ನು ದಾಟಿಕೊಂಡು ಹೋಗುತ್ತೇನೆ.

ನೀವು ಕೊನೆಗೆ ಕೇಳಿದ್ದು ಯಾಕೆ ಇಷ್ಟು ಹೊಗಳುತ್ತಾರೆ ಅಂತ. 1993ರಲ್ಲಿ ಇದಕ್ಕೆ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು, ಅದು ಇರಲಿ. ನಮ್ಮ ಕಡೆಯವರಿಗೆ ಇದು ನಾಟುವುದಕ್ಕೆ ಬೇರೆಯೇ ಕಾರಣ ಇದೆ ಅಂತ ನನ್ನ ನಂಬಿಕೆ. ಕಟಾನ್ ಜನರ ಕಥೆ ಶುರುವಾಗುವುದು ಬರದಿಂದ. ಮಳೆ ಇಲ್ಲ. ಊರಿನ ನಡುವೆ ಒಂದು ಗಿಡ ನೆಟ್ಟು, ಅಳೆದು ಸುರಿದು ನೀರು ಹಾಕಿ ಉಳಿಸಿಕೊಳ್ಳುತ್ತಾರೆ. ಕೇಮಿನ್ ಗಾಳಿಯಿಂದಲೇ ನೀರು ಹಿಡಿಯುವ ಯಂತ್ರ ಮಾಡೋಣ ಅಂದರೆ ಮೇಲಿನವರು ಮೊದಲು ಕಿವಿಗೇ ಹಾಕಿಕೊಳ್ಳುವುದಿಲ್ಲ. ಚಿತ್ರದುರ್ಗ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಕೋಟೆಯೊಳಗೆ ಒಂದು ಹೊಂಡ ತುಂಬಿ ಇನ್ನೊಂದಕ್ಕೆ ಹರಿಯೋ ಹಾಗೆ ಕಟ್ಟಿದವರ ಊರು ಇದು.

ನಮ್ಮಜ್ಜಿ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದದ್ದನ್ನು ಹೇಳುತ್ತಿದ್ದರು. ಹೇಳುವಾಗ ನೀರು ಅವರ ಕಣ್ಣೆದುರೇ ಬೀಳುತ್ತಿದೆಯೇನೋ ಅನ್ನಬೇಕು, ಹಾಗೆ. ಕೋಡಿ ಬಿದ್ದದ್ದು 1933ರಲ್ಲಿ, ಅಜ್ಜಿ ಆಗಿನ್ನೂ ಹುಟ್ಟೇ ಇರಲಿಲ್ಲ. ಅವರ ಅಮ್ಮ ನೋಡಿ ಬಂದು ಹೇಳಿದ್ದನ್ನೇ ಅವರು ನಮಗೆ ಹೇಳುತ್ತಿದ್ದರು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷದ ಮೇಲೆ. ಆಗ ಅಜ್ಜಿ ಇರಲಿಲ್ಲ. ನಾನು ಹಿರಿಯೂರಿಗೆ ಹೋಗಿ ಆ ಜನಸಂದಣಿಯಲ್ಲಿ ನಿಂತು ನೋಡಿದಾಗ ಮೊದಲು ಅನಿಸಿದ್ದು, ಇದನ್ನು ನಾನು ಮುಂಚೆಯೇ ನೋಡಿದ್ದೇನೆ ಅಂತ. ಪಿಕಾರ್ಡ್‌ನ ತಲೆಯಲ್ಲಿ ಕೂತ ಕಟಾನ್ ಹೇಗಿರುತ್ತೆ ಅಂತ ನನಗೆ ಗೊತ್ತಾದದ್ದು ಅವತ್ತು.

ಇಂಗ್ಲಿಷ್ ಬಾರದವರಿಗೆ ಇದು ಹಿಡಿಸುತ್ತಾ ಅಂತಲೂ ಕೆಲವರು ಕೇಳುತ್ತಾರೆ. ನಮ್ಮ ಚಿಕ್ಕಮ್ಮ ಚಳ್ಳಕೆರೆ ಕಡೆಯ ಹಳ್ಳಿಯವರು. ಚಿಕ್ಕಪ್ಪ ಹೋಗಿ ಮೂರು ವರ್ಷವಾಯಿತು. ಹೋದ ಬೇಸಿಗೆಯಲ್ಲಿ ಬಂದಿದ್ದಾಗ ಲ್ಯಾಪ್‌ಟಾಪಿನಲ್ಲಿ ಹಾಕಿ, ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಅವರು ಮೊರದಲ್ಲಿ ಶೇಂಗಾ ಸುಲಿಯುತ್ತಾ ನೋಡುತ್ತಿದ್ದರು. ಗಿಡ ನೆಡುವುದನ್ನು ನೋಡಿ, "ಕುಡಿಯೋಕೇ ನೀರಿಲ್ಲ, ಗಿಡ ನೆಡ್ತಾರಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ, "ನೆಡ್ಲೇಬೇಕು ಬಿಡು" ಅಂದರು.

ಎಲೀನ್ ಸಾಯುವ ದೃಶ್ಯ ಬಂತು. ಮದುವೆಯಾದಾಗಿನಿಂದ ಅವಳಿಗೆ ಒಂದೇ ಗೋಳು, ಗಂಡ ಕಂಡ ಕಂಡಲ್ಲಿ ಶೂ ಬಿಡುತ್ತಾನೆ ಅಂತ. ಸಾಯುವಾಗ ಅವಳು ಹೇಳುವ ಕೊನೆಯ ಮಾತೂ ಅದೇ, ಶೂ ಎತ್ತಿಡೋದು ಮರೀಬೇಡ. ಅದನ್ನು ಕನ್ನಡದಲ್ಲಿ ಹೇಳಿದೆ. ಚಿಕ್ಕಮ್ಮನ ಕೈ ಮೊರದ ಮೇಲೆ ನಿಂತಿತು. ನಕ್ಕರು, ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡರು. ನಮ್ಮ ಮನೆ ಬಾಗಿಲಲ್ಲಿ ಚಿಕ್ಕಪ್ಪನ ಚಪ್ಪಲಿ ಎಡವದೆ ಒಳಗೆ ಬಂದವರೇ ಇರಲಿಲ್ಲ.

ಮರುದಿನ ‘ಲೆಸನ್ಸ್’ ಹಾಕಿದೆ. ಸುರಂಗದಲ್ಲಿ ಕೂತು ನುಡಿಸುವುದು, ಕೊಳಲಿನ ಕಥೆ ಹೇಳುವುದು, ಎಲ್ಲ ಸುಮ್ಮನೆ ನೋಡಿದರು. ಮುಗಿದ ಮೇಲೆ ಕೇಳಿದರು.

"ಆ ಹೆಣ್ಣುಮಗಳಿಗೆ ಶೂ ವಿಷ್ಯ ಹೇಳಿದ್ನಾ?"

"ಇಲ್ಲ ಚಿಕ್ಕಮ್ಮ, ಕೊಳಲಿಂದಷ್ಟೇ ಹೇಳಿದ."

"ಹೇಳಲ್ಲ ಬಿಡು" ಅಂದು ಮೊರ ಎತ್ತಿಕೊಂಡು ಒಳಗೆ ಹೋದರು.