ಟೆಶೆಕ್‌ಪುಕ್ ಸರೋವರದ ಸುತ್ತಲಿನ ರಕ್ಷಣೆಯ ಗಡಿ ಯಾಕೆ ಹೀಗೆ ಪದೇ ಪದೇ ಬದಲಾಗುತ್ತಿದೆ?

ಅಲಾಸ್ಕಾದ ಉತ್ತರ ಕರಾವಳಿಯ ಟೆಶೆಕ್‌ಪುಕ್ ಸರೋವರದ ಸುತ್ತ ಎಣ್ಣೆ ತೆಗೆಯಬಹುದಾ, ಬೇಡವಾ? ಈ ತಕರಾರು ಎಷ್ಟು ಸಲ ಮಗುಚಿದೆ ಅಂದರೆ, ಇವತ್ತಿನ ಸುದ್ದಿ ಮಾತ್ರ ಓದಿದರೆ ತಲೆಬುಡ ಗೊತ್ತಾಗುವುದಿಲ್ಲ.

ಮೊದಲು ನೆಲದ ವಿಷಯ. ಅಲ್ಲಿ ಮಳೆ ತೀರಾ ಕಡಿಮೆ, ಆದರೂ ಎಲ್ಲಿ ನೋಡಿದರೂ ಕೆರೆಗಳು. ಕೆಳಗಿನ ಮಣ್ಣು ನೂರಾರು ಮೀಟರ್ ಆಳದವರೆಗೆ ಹೆಪ್ಪುಗಟ್ಟಿದೆ, ನೀರು ಇಂಗಲು ದಾರಿಯೇ ಇಲ್ಲ. ಮಣ್ಣೊಳಗಿನ ಮಂಜು ಕರಗಿದಲ್ಲಿ ನೆಲ ಕುಸಿದು ಕೆರೆ ಹುಟ್ಟುತ್ತದೆ, ದಡ ಕರಗುತ್ತಾ ಹಿಗ್ಗುತ್ತದೆ, ಒಂದು ದಿನ ನದಿಗೋ ಸಮುದ್ರಕ್ಕೋ ಒಡೆದುಕೊಂಡು ಬರಿದಾಗುತ್ತದೆ. ಇಂಥ ಕೆರೆಗಳಲ್ಲೇ ಟೆಶೆಕ್‌ಪುಕ್ ದೈತ್ಯ, ಸುಮಾರು 830 ಚದರ ಕಿಲೋಮೀಟರ್.

1923ರಲ್ಲಿ ಈ ಪ್ರದೇಶವನ್ನು ಅಮೆರಿಕ ತನ್ನ ನೌಕಾಪಡೆಯ ಎಣ್ಣೆಗೆಂದು ಮೀಸಲಿಟ್ಟಿತು. ಗಂಟು ಬಿದ್ದಿದ್ದು 1976ರ ಕಾಯ್ದೆಯಲ್ಲಿ. ಅದು ಸರೋವರದ ಹೆಸರು ಹೇಳಿಯೇ ಗರಿಷ್ಠ ರಕ್ಷಣೆ ಕೊಡಿ ಎಂದಿತು, ಜೊತೆಗೆ ಎಣ್ಣೆ ಹುಡುಕಾಟಕ್ಕೆ ಅಡ್ಡಿಯಾಗದಷ್ಟು ಮಾತ್ರ ಎಂದೂ ಸೇರಿಸಿತು. ಇಬ್ಬರಿಗೂ ಒಂದೇ ಸೈಟು ಬರೆದುಕೊಟ್ಟ ಹಾಗೆ, ಅಲ್ವಾ?

ನಿಜವಾದ ಎಳೆದಾಟ ನಡೆದಿದ್ದು 1998ರಿಂದ 2013ರವರೆಗೆ. 1998ರ ಯೋಜನೆ ಸರೋವರದ ಸುತ್ತಲಿನ ಸೂಕ್ಷ್ಮ ಜಾಗವನ್ನು ಎಣ್ಣೆ ತೆಗೆಯುವ ಗುತ್ತಿಗೆಯ ಹರಾಜಿನಿಂದ ಹೊರಗಿಟ್ಟಿತ್ತು. 2006ರಲ್ಲಿ ಉತ್ತರದ ಕೆರೆಗಳ ಸಾಲನ್ನೂ ತೆರೆಯಲು ಹೊರಟರು. ಆ ಸಾಲಿಗೆ ಬೇಸಿಗೆಯಲ್ಲಿ ಸಾವಿರಾರು ಬ್ರಾಂಟ್ ಹೆಬ್ಬಾತುಗಳು ಗರಿ ಉದುರಿಸಲು ಬರುತ್ತವೆ. ಸುಮಾರು ಮೂರು ವಾರ ಅವು ಹಾರಲಾರವು, ನರಿ ಬಂದರೆ ನೀರಿಗಿಳಿಯುವುದೊಂದೇ ದಾರಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೋರ್ಟು ತಡೆಯಿತು, ಅಕ್ಕಪಕ್ಕದ ಯೋಜನೆಗಳೆಲ್ಲ ಸೇರಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿಲ್ಲ ಅಂತ. 2008ರಲ್ಲಿ ಅಲ್ಲಿನ ಹರಾಜನ್ನು ಹತ್ತು ವರ್ಷ ಮುಂದೂಡಿದರು. 2013ರಲ್ಲಿ ಇಡೀ ಮೀಸಲು ಪ್ರದೇಶದ ಹೆಚ್ಚುಕಡಿಮೆ ಅರ್ಧವನ್ನೇ ಹರಾಜಿನಿಂದ ಹೊರಗಿಟ್ಟರು. ನನ್ನ ಕೇಳಿದರೆ ಈ ಇಡೀ ಕತೆಯಲ್ಲಿ ನೆಲವನ್ನು ನೋಡಿ ಗೆರೆ ಎಳೆದಿದ್ದು ಆಗ ಮಾತ್ರ.

ಆಮೇಲಿನದು ಬೇಗ ಮುಗಿಯುತ್ತದೆ. 2020ರಲ್ಲಿ ಸರೋವರವೂ ಸೇರಿ 82% ತೆರೆದರು, 2022ರಲ್ಲಿ 2013ರ ಗೆರೆಗೇ ಹಿಂದಕ್ಕೆ ಹೋದರು, 2024ರಲ್ಲಿ ರಕ್ಷಣೆ ಬಿಗಿ ಮಾಡಿದರು, 2025ರಲ್ಲಿ ಅದನ್ನೂ ತೆಗೆದರು.

ಸ್ಥಳೀಯ ಇನ್ಯೂಪಿಯಾಟ್ ಜನರಲ್ಲೂ ಒಮ್ಮತವಿಲ್ಲ. ಶಾಲೆ, ರಸ್ತೆ ನಡೆಯುವುದು ಬಹುಪಾಲು ಎಣ್ಣೆ ತೆರಿಗೆಯಿಂದ. ನುಯಿಕ್‌ಸುಟ್ ಊರಿನ ಬೇಟೆಗಾರರ ಊಟ ಮಾತ್ರ ಕಾರಿಬೂ (ಹಿಮಸಾರಂಗ) ಹಿಂಡಿನ ಮೇಲೆ ನಿಂತಿದೆ, ಆ ಹಿಂಡು ಮರಿ ಹಾಕುವುದು ಇದೇ ಸರೋವರದ ಸುತ್ತ. 2025ರ ಕಾಯ್ದೆಯ ಪ್ರಕಾರ ಈ ಮೀಸಲು ಪ್ರದೇಶದಲ್ಲಿ ಹತ್ತು ವರ್ಷದಲ್ಲಿ ಕನಿಷ್ಠ ಐದು ಹರಾಜು ನಡೆಯಲೇಬೇಕು.